ಸುಣ್ಣದಜ್ಜನ ಹನ್ನೆರಡು ಹೆಜ್ಜೆ

ಅವನಿಗೆ ಅಜ್ಜ ಎಂಬ ಹೆಸರು ಬಿದ್ದಾಗ ವಯಸ್ಸು ಮೂವತ್ತೆಂಟು. ಕಾಲೇಜಿನ ಮೈದಾನಕ್ಕೆ ಗೆರೆ ಹಾಕುವುದು ಅವನ ಕೆಲಸ. ತಳಕ್ಕೆ ತೂತು ಹೊಡೆದ ಡಬ್ಬದಿಂದ ಸುಣ್ಣದ ಪುಡಿ ಉದುರಿಸುತ್ತ ಬಗ್ಗಿ ನಡೆಯುವಾಗ ಗಾಳಿ ಎದುರಿನಿಂದ ಬೀಸಿದರೆ ಅರ್ಧ ಸುಣ್ಣ ನೆಲಕ್ಕೆ, ಅರ್ಧ ಅವನ ಹುಬ್ಬು ಮೀಸೆಗೆ. ಯಾವುದೋ ವರ್ಷದ ಹುಡುಗಿಯರು ಅದನ್ನು ನೋಡಿ ಸುಣ್ಣದಜ್ಜ ಎಂದು ಕರೆದರು. ಆ ಹುಡುಗಿಯರು ಪಾಸಾಗಿ ಹೋದರು, ಹೆಸರು ಮಾತ್ರ ಇಲ್ಲೇ ಉಳಿಯಿತು. ಈಗ ಐವತ್ತೊಂಬತ್ತು. ತಲೆ ತಾನಾಗಿಯೇ ಬೆಳ್ಳಗಾಗಿ, ಕೂದಲು ಯಾವುದು ಸುಣ್ಣ ಯಾವುದು ಎಂಬುದು ದಿಂಬಿನ ಚೀಲ ಒಗೆಯುವ ಹೆಂಡತಿಗಷ್ಟೇ ಗೊತ್ತು.

ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ಅದನ್ನೂ ಮೈದಾನದಲ್ಲೇ ಸವೆಸಿ ಮನೆ ಸೇರಬೇಕು, ಅವನ ಆಸೆ ಅಷ್ಟೇ. ಅದಕ್ಕಿಂತ ದೊಡ್ಡದನ್ನು ಆಸೆಪಡಲು ಮೈಯಲ್ಲಿ ಕಸುವೂ ಉಳಿದಿರಲಿಲ್ಲ. ಸೀಸನ್ ಶುರುವಾಗುವ ವಾರ ಪ್ರಿನ್ಸಿಪಾಲರು ಕರೆಸಿ, ಕೂರು ಎನ್ನದೆ, ವಿಷಯ ಹೇಳಿದರು. ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡ ಹೋದ ವರ್ಷ ಮೊದಲ ಡಿವಿಜನ್ನಿನಲ್ಲಿ ಬೆರಳ ತುದಿಯಲ್ಲಿ ನೇತಾಡಿಕೊಂಡು ಉಳಿದಿದೆ. ಎಂಟು ಕಾಲೇಜುಗಳ ಲೀಗಿನಲ್ಲಿ ಕೊನೆಯ ಎರಡು ತಂಡಗಳು ಕೆಳಕ್ಕೆ ಬೀಳುತ್ತವೆ. ಈ ಸಲ ಬಿದ್ದರೆ ತಂಡ ಮುಚ್ಚುವುದು, ಮೈದಾನದಲ್ಲಿ ಪರೀಕ್ಷಾ ಭವನ ಕಟ್ಟುವುದು, ಅಜ್ಜನನ್ನು ಗೇಟಿಗೆ ಹಾಕುವುದು ಎಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಅಜ್ಜ ಆಗಲಿ ಎಂದು ತಲೆಯಾಡಿಸಿ ಹೊರಗೆ ಬಂದ. ಹನ್ನೊಂದು ಹುಡುಗಿಯರ ಕಾಲಿನ ಮೇಲೆ ತನ್ನ ಕೊನೆಯ ವರ್ಷ ನಿಂತಿತಲ್ಲ ಎಂದು ನಗುವೂ ಬಂತು, ಸುಸ್ತೂ ಆಯಿತು.

ಗೇಟು ಎಂದರೆ ಅವನಿಗೆ ಆಗದು. ಇಪ್ಪತ್ತೆರಡು ವರ್ಷದ ಹಿಂದೆ, ದಿನಗೂಲಿಯವರನ್ನು ಕಾಯಂ ಮಾಡಿ ಎಂದು ಕಸ ಗುಡಿಸುವವರು, ಅಟೆಂಡರುಗಳು, ಮಾಲಿಗಳು ಸೇರಿ ಅದೇ ಗೇಟಿನ ಹೊರಗೆ ನಲವತ್ತೊಂದು ದಿನ ಕೂತಿದ್ದರು. ನಲವತ್ತನೆಯ ದಿನ ಪೊಲೀಸರು ಲಾಠಿ ಬೀಸಿದರು, ಮರುದಿನ ಕಾಲೇಜು ಮಣಿಯಿತು. ಆ ಗಲಾಟೆಯಲ್ಲಿ ಅಜ್ಜನ ಎಡ ಮಂಡಿ ಹೋಯಿತು. ಗೆದ್ದ ಸಭೆಯಲ್ಲಿ ಮುಖಂಡ ಅವನನ್ನು ವೇದಿಕೆಗೆ ಎಳೆದುಕೊಂಡು ಹೋಗಿ, ಪ್ಯಾಂಟು ಮಡಿಸಿ, ಲಾಠಿ ಮುರಿದ ಮಂಡಿ ಇದು ನೋಡಿ ಎಂದು ಜನಕ್ಕೆ ತೋರಿಸಿದ. ಚಪ್ಪಾಳೆ ಬಿತ್ತು. ಅಸಲಿಗೆ ಲಾಠಿ ಅವನನ್ನು ಮುಟ್ಟಿಯೂ ಇರಲಿಲ್ಲ. ಓಡುವಾಗ ಚರಂಡಿಗೆ ಬಿದ್ದಿದ್ದ. ಅಷ್ಟು ಚಪ್ಪಾಳೆಯ ನಡುವೆ ಅದನ್ನು ಹೇಳುವುದು ಹೇಗೆ ಎಂದು ಸುಮ್ಮನಾದ. ಹಾಗೆ ಸುಮ್ಮನಾದವನು ಇಪ್ಪತ್ತೆರಡು ವರ್ಷ ಸುಮ್ಮನೇ ಇದ್ದ. ನಿಜ ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ಅದನ್ನು ಚರಂಡಿ ಕಾಲು ಎಂದೇ ಕರೆಯುತ್ತಾಳೆ.

ಗೆರೆ ಹಾಕುವುದರಲ್ಲಿ ಅವನಿಗೊಂದು ಕ್ರಮವಿತ್ತು. ಮೈದಾನದ ಉದ್ದ, ಅಗಲ, ಗೋಲಿನ ಮುಂದಿನ ದೊಡ್ಡ ಚೌಕ, ಸಣ್ಣ ಚೌಕ, ಎಲ್ಲಕ್ಕೂ ಅಳತೆಯ ಗಂಟು ಹಾಕಿದ ಹಗ್ಗ. ಗೂಟ ಹೊಡೆದು, ಹಗ್ಗ ಬಿಗಿದು, ಅದರ ಗುಂಟ ಸುಣ್ಣ. ಪೆನಾಲ್ಟಿ ಚುಕ್ಕೆಗೆ ಮಾತ್ರ ಹಗ್ಗದಲ್ಲಿ ಗಂಟಿರಲಿಲ್ಲ. ಅವನಿಗೆ ಕೆಲಸ ಕಲಿಸಿದ ಹಳೆಯ ಮಾಲಿ ಅದನ್ನು ನಡೆದೇ ಹಾಕುತ್ತಿದ್ದ. ಗೋಲುಗೆರೆಯ ಮೇಲೆ ಹಿಮ್ಮಡಿ ಇಟ್ಟು, ಎದುರು ಗೋಲನ್ನೇ ನೋಡುತ್ತ ಹನ್ನೆರಡು ಹೆಜ್ಜೆ. ಹೆಜ್ಜೆಗೆ ಮೂರಡಿ, ಒಟ್ಟು ಮೂವತ್ತಾರು ಅಡಿ. ನಿಂತಲ್ಲೇ ಹಿಮ್ಮಡಿ ತಿರುವಿ ಸಣ್ಣ ಗುಳಿ ಮಾಡಿ ಅದಕ್ಕೊಂದು ಮುಷ್ಟಿ ಸುಣ್ಣ. ಅಜ್ಜ ಹೊಸದರಲ್ಲಿ ಟೇಪು ಹಿಡಿದು ಪರೀಕ್ಷೆ ಮಾಡಿದ್ದ. ಒಂದು ಬೆರಳಿನಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಆಮೇಲೆ ನೋಡುವ ಗೋಜಿಗೆ ಹೋಗಲಿಲ್ಲ. ಎಲ್ಲ ಗೆರೆ ಮುಗಿಸಿ, ಡಬ್ಬ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ ನಡೆಯುವ ಆ ಹನ್ನೆರಡು ಹೆಜ್ಜೆ ಅವನು ಬಗ್ಗದೆ ಮಾಡುತ್ತಿದ್ದ ಒಂದೇ ಕೆಲಸ. ಚುಕ್ಕೆಯಿಂದಲೇ ಹಗ್ಗ ಹಿಡಿದು ಚೌಕದ ನೆತ್ತಿಯ ಅರ್ಧಚಂದ್ರವನ್ನೂ ಎಳೆಯುತ್ತಿದ್ದ. ಚುಕ್ಕೆ ಜರುಗಿದರೆ ಅದೂ ಜೊತೆಗೇ ಜರುಗುತ್ತದೆ. ನೋಡುವವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಇರುತ್ತದೆ.

ಆ ವರ್ಷದ ತಂಡ ಹೇಳಿಕೊಳ್ಳುವಂಥದ್ದೇನಲ್ಲ. ಹಿಂದಿನ ಸಾಲಿನ ಹುಡುಗಿಯರು ಬಾಗಿಲು ತೆರೆದಿಟ್ಟು ಮಲಗುವ ಮನೆಯವರ ಹಾಗೆ, ಯಾರು ಬೇಕಾದರೂ ಬಂದು ಹೋಗಬಹುದಿತ್ತು. ಇದ್ದ ಒಂದೇ ಆಸ್ತಿ ಮುಂದಿನ ಸಾಲಿನ ಎರಡನೆಯ ಬಿ.ಕಾಂ. ಹುಡುಗಿ. ಅವಳ ಒದೆತಕ್ಕೆ ಗೋಲಿನ ಬಲೆ ಎರಡು ಸಲ ಹರಿದಿತ್ತು, ಹೊಲಿದವನು ಅಜ್ಜನೇ. ಕತ್ತೆಕಾಲು ಎಂದು ಹೆಸರಿಟ್ಟವನೂ ಅವನೇ. ಅವಳು ಬೇಜಾರು ಮಾಡಿಕೊಳ್ಳದೆ ಆ ಹೆಸರನ್ನೇ ಬೂಟಿನ ಮೇಲೆ ಬರೆದುಕೊಂಡಳು. ದಿನಾ ಅಭ್ಯಾಸ ಮುಗಿದ ಮೇಲೆ ಒಬ್ಬಳೇ ನಿಂತು ಆ ಚುಕ್ಕೆಯಿಂದ ಮೂವತ್ತು ಸಲ ಒದೆಯುತ್ತಿದ್ದಳು. ಚೆಂಡು ಏರುತ್ತ ಹೋಗಿ ಮೇಲಿನ ಅಡ್ಡಕಂಬದ ಹೊಟ್ಟೆಗೆ ಉಜ್ಜಿಕೊಂಡು ಒಳಗೆ ನುಗ್ಗುತ್ತಿತ್ತು. ಅಲ್ಲಿಗೆ ಯಾವ ಗೋಲ್‌ಕೀಪರಿನ ಕೈಯೂ ಹೋಗುವುದಿಲ್ಲ.

ಮನೆಯ ಮೈದಾನದಲ್ಲಿ ನಾಲ್ಕು ಪೆನಾಲ್ಟಿ ಸಿಕ್ಕವು, ನಾಲ್ಕೂ ಗೋಲು. ಹೊರಗಿನ ಮೈದಾನದಲ್ಲಿ ಎರಡು ಸಿಕ್ಕವು, ಎರಡೂ ಅಡ್ಡಕಂಬದ ಮೇಲೆ ಹಾರಿ ಹೋದವು. ಮೊದಲನೆಯದಕ್ಕೆ ತಂಡದವರು ಸಮಾಧಾನ ಹೇಳಿದರು. ಎರಡನೆಯದಕ್ಕೆ ಹೇಳಲಿಲ್ಲ. ಪಿ.ಟಿ. ಮೇಡಂ ಒರಟು ಹೆಂಗಸು, ಕೆಟ್ಟವಳಲ್ಲ. ಹನ್ನೆರಡು ವರ್ಷದಿಂದ ಇದೇ ತಂಡವನ್ನು ಎಳೆದು ಎಳೆದು ಅವಳ ದನಿ ಸೀಟಿಯ ಹಾಗೇ ಆಗಿತ್ತು. ಎಲ್ಲರ ಎದುರಿಗೇ ಅಂದಳು: ಮನೆಯಲ್ಲಿ ಹುಲಿ, ಹೊರಗೆ ಹೋದರೆ ಎದೆ ಇಲ್ಲ. ಮಾತು ಕಾಲೇಜೆಲ್ಲ ಸುತ್ತಿತು. ಕ್ಯಾಂಟೀನಿನಲ್ಲಿ ಹುಡುಗರು ಕತ್ತೆಕಾಲನ್ನು ಕಂಡಾಗಲೆಲ್ಲ ತಲೆಯೆತ್ತಿ ಸೂರು ನೋಡುವುದಕ್ಕೆ ಶುರುಮಾಡಿದರು, ಚೆಂಡು ಇನ್ನೂ ಇಳಿದಿಲ್ಲವೇನೋ ಎಂಬಂತೆ.

ಹದಿನಾಲ್ಕು ಆಟಗಳ ಲೀಗಿನಲ್ಲಿ ಹದಿಮೂರನೆಯದು ಹೊರಗೆ. ಸಾಮಾನು ಹೊರುವ ಅಟೆಂಡರಿಗೆ ಬೆನ್ನು ಹಿಡಿದುಕೊಂಡದ್ದರಿಂದ ಮೇಡಂ ಅಜ್ಜನನ್ನು ಬಸ್ಸಿಗೆ ಹತ್ತಿಸಿಕೊಂಡಳು. ಎಷ್ಟೋ ವರ್ಷವಾಗಿತ್ತು ಅವನು ಬೇರೆಯವರ ಮೈದಾನ ತುಳಿದು. ಚೆಂಡಿನ ಚೀಲ, ನೀರಿನ ಬಾಟಲು ಇಳಿಸಿ, ಆಟಕ್ಕೆ ಇನ್ನೂ ಒಂದು ಗಂಟೆ ಇದೆ ಎಂದು, ಬಾಣಸಿಗ ಬೇರೆಯವರ ಅಡುಗೆಮನೆ ಇಣುಕುವ ಹಾಗೆ ಗೆರೆ ನೋಡುತ್ತ ಹೊರಟ. ಗೆರೆ ನೇರವಿದ್ದವು. ಸುಣ್ಣವಲ್ಲ, ಬಣ್ಣ. ಸ್ವಲ್ಪ ಹೊಟ್ಟೆ ಉರಿಯಿತು. ಕೊನೆಗೆ ಗೋಲುಗೆರೆಗೆ ಬಂದು, ಅಭ್ಯಾಸ ಬಲದಿಂದ ಹಿಮ್ಮಡಿ ಇಟ್ಟು ನಡೆದ. ಹನ್ನೆರಡು ಎಂದಾಗ ಚುಕ್ಕೆ ಇನ್ನೂ ಮುಂದಿತ್ತು. ಹದಿಮೂರಕ್ಕೆ ಕಾಲಿಗೆ ಸಿಕ್ಕಿತು.

ಅಜ್ಜನಿಗೆ ಸಂತೋಷವಾಯಿತು. ಇಷ್ಟು ಚೆಂದದ ಗೆರೆ ಹಾಕಿದವನು ಚುಕ್ಕೆಯಲ್ಲಿ ಎಡವಿದ್ದಾನೆ! ನಮ್ಮ ಹುಡುಗಿಯ ಚೆಂಡು ಯಾಕೆ ಹಾರುತ್ತದೆ ಎಂಬುದೂ ಈಗ ಗೊತ್ತಾಯಿತು, ಹೊರಗಿನವರ ಚುಕ್ಕೆಯೇ ಕಳ್ಳ ಚುಕ್ಕೆ. ಅಲ್ಲೇ ನೆರಳಿನಲ್ಲಿ ಕೂತಿದ್ದ ಆ ಮೈದಾನದವನನ್ನು ಕರೆದ. ಮೂವತ್ತರ ಆಸುಪಾಸಿನವನು, ಕಾಲೇಜಿನ ಬನಿಯನ್ ಹಾಕಿದ್ದ.

"ತಮ್ಮಾ, ನಿನ್ನ ಚುಕ್ಕೆ ಒಂದು ಹೆಜ್ಜೆ ಆಚೆಗೆ ಹೋಗಿದೆ."

ಅವನು ಅಜ್ಜನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಕಾಲಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನೋಡಿದ. "ಯಾರ ಹೆಜ್ಜೆ, ಯಜಮಾನ್ರೇ?"

ಮಾತಿಗೆ ಮಾತು ಬೆಳೆಯಿತು. ನೀನು ಹುಟ್ಟುವ ಮುಂಚೆಯಿಂದ ಚುಕ್ಕೆ ಇಡುತ್ತಿದ್ದೇನೆ ಎಂದು ಅಜ್ಜ, ಹಾಗಾದರೆ ಹಳೆಯ ಕಾಲದ ಅಡಿ ಬೇರೆ ಇತ್ತೇನೋ ಎಂದು ಅವನು. ಕೊನೆಗೆ ಅವನು ಎದ್ದು ಹೋಗಿ ಉಕ್ಕಿನ ಟೇಪು ತಂದ. ಒಂದು ತುದಿಯನ್ನು ಅಜ್ಜನ ಕೈಗೇ ಕೊಟ್ಟು ಗೋಲುಗೆರೆಯ ಮೇಲೆ ಕೂರಿಸಿದ. ಟೇಪು ಚುಕ್ಕೆಯ ಮೇಲೆ ಮೂವತ್ತಾರು ಅಡಿ ತೋರಿಸಿತು, ಒಂದು ಕೂದಲೂ ಆಚೀಚೆ ಇಲ್ಲ. ಅವನು ನಗಲಿಲ್ಲ. ಟೇಪು ಸುತ್ತಿಕೊಳ್ಳುತ್ತ, ಮಂಡಿ ನೋವೇನ್ರೀ ಎಂದು ಮೆತ್ತಗೆ ಕೇಳಿದ. ನಕ್ಕಿದ್ದರೇ ವಾಸಿಯಿತ್ತು.

ಅಜ್ಜ ನೀರಿನ ಬಾಟಲುಗಳ ಹತ್ತಿರ ಬಂದು ಕೂತ. ಲೆಕ್ಕ ತಾನಾಗಿಯೇ ತಲೆಯಲ್ಲಿ ಆಗುತ್ತಿತ್ತು. ಹೆಜ್ಜೆ ಗಿಡ್ಡವಾಗಿದೆ. ತನ್ನ ಚುಕ್ಕೆ ಗೋಲಿಗೆ ಹತ್ತಿರ ಬಂದಿದೆ. ಯಾವಾಗಿನಿಂದ? ಈ ವರ್ಷವೇ? ಹೋದ ವರ್ಷವೇ? ಹುಡುಗಿ ದಿನಕ್ಕೆ ಮೂವತ್ತು ಸಲ ಒದ್ದು ಒದ್ದು ಕಲಿತದ್ದು ಆ ಗಿಡ್ಡ ಅಳತೆಯನ್ನು. ಅಲ್ಲಿಂದ ಕಂಬದ ಕೆಳಗೆ ನುಗ್ಗುವ ಚೆಂಡು ಇಲ್ಲಿಂದ ಕಂಬದ ಮೇಲೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಎದ್ದು ಹೋಗಿ ಹೇಳಬೇಕು ಎಂದುಕೊಂಡ. ಮೇಡಂ ಆಟಗಾರ್ತಿಯರನ್ನು ಸುತ್ತ ಕೂರಿಸಿಕೊಂಡು ಏನೋ ಬಿಡಿಸಿ ಹೇಳುತ್ತಿದ್ದಳು. ಅವರೆಲ್ಲರ ಎದುರಿಗೆ, ಆಟದ ಹೊತ್ತಿಗೆ, ನನ್ನ ಕಾಲು ಗಿಡ್ಡವಾಗಿದೆ ಎಂದು ಹೇಳುವುದೇ? ಇವತ್ತು ಪೆನಾಲ್ಟಿಯೇ ಸಿಗದಿದ್ದರೆ? ಸಿಗಲಿಕ್ಕಿಲ್ಲ. ಊರಿಗೆ ಹೋದ ಮೇಲೆ ನಿಧಾನವಾಗಿ ಹೇಳಿದರಾಯಿತು.

ಪೆನಾಲ್ಟಿ ಸಿಕ್ಕಿತು. ತಂಡ ಒಂದು ಗೋಲು ಹಿಂದಿತ್ತು, ಹತ್ತು ನಿಮಿಷದ ಆಟ ಉಳಿದಿತ್ತು. ಕತ್ತೆಕಾಲು ಚೆಂಡು ಹಿಡಿದು ಚುಕ್ಕೆಗೆ ಬಂದಾಗ ಅವಳಿಗೂ ಅಜ್ಜನಿಗೂ ನಡುವೆ ಇಪ್ಪತ್ತು ಮಾರು ಇರಲಿಲ್ಲ. ಕೆಳಗೆ ಒದಿ ಎಂಬ ಎರಡು ಮಾತು ಸಾಕಿತ್ತು. ಅಜ್ಜನ ಬಾಯಿ ತೆರೆಯಿತು, ದನಿ ಬರಲಿಲ್ಲ. ಚೆಂಡು ಅಡ್ಡಕಂಬದ ಮೇಲೆ ಒಂದು ಗೇಣು ಹಾರಿ ಹಿಂದಿನ ಪೊದೆಗೆ ಬಿತ್ತು. ಅದನ್ನು ಹುಡುಕಿ ತಂದವನೂ ಅವನೇ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಮೇಡಂ ಮುಂದಿನ ಸೀಟಿನಿಂದ ಎದ್ದು, ಕಂಬಿ ಹಿಡಿದು ನಿಂತು, ಕೊನೆಯ ಆಟದಲ್ಲಿ ಕತ್ತೆಕಾಲು ಆಡುವುದಿಲ್ಲ ಎಂದಳು. ಅವಳ ಜಾಗಕ್ಕೆ ಯಾರು ಎಂದು ಹೇಳಿ ಮತ್ತೆ ಕೂತಳು. ಹುಡುಗಿ ಕಿಟಕಿಗೆ ಹಣೆ ಆನಿಸಿ ಕೂತಿದ್ದಳು, ಬಸ್ಸು ಕುಲುಕಿದಾಗೆಲ್ಲ ಹಣೆ ಗಾಜಿಗೆ ಬಡಿಯುತ್ತಿತ್ತು, ತೆಗೆಯಲಿಲ್ಲ. ಅಜ್ಜ ಹಿಂದಿನ ಸೀಟಿನಲ್ಲಿ ಚೆಂಡಿನ ಚೀಲ ತಬ್ಬಿಕೊಂಡು, ತಾನೂ ಒಂದು ಗಾಳಿ ಹೋದ ಚೆಂಡಿನ ಹಾಗೆ ಮುದುಡಿದ್ದ.

ಮರುದಿನ ಭಾನುವಾರ. ಕಾಲೇಜಿಗೆ ರಜೆ. ಕಾಲೇಜಿನ ಬಟ್ಟೆಯ ಟೇಪು ಎಂದೋ ಹರಿದು ಹೋಗಿತ್ತು. ಅಜ್ಜ ಬೆಳಿಗ್ಗೆಯೇ ಹೆಂಡತಿಯನ್ನು ಹೊರಡಿಸಿದ. ಅವಳು ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡವಳು. ಅಳತೆಯ ಟೇಪು ಕೊರಳಲ್ಲೇ ಇರುತ್ತದೆ. ಅದನ್ನೂ ತಾ ಎಂದಾಗ ಅವಳು ಕೇಳಿದ್ದು ಒಂದೇ ಮಾತು.

"ಮೈದಾನಕ್ಕೇನು ಅಂಗಿ ಹೊಲಿಸ್ತೀರೇನ್ರೀ?"

ಅರವತ್ತು ಇಂಚಿನ ಆ ಟೇಪಿನಿಂದ ಇಬ್ಬರೂ ಹುಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಅಳೆಯುತ್ತ ಹೋದರು. ಅವಳು ತುದಿ ಹಿಡಿಯುವುದು, ಅವನು ಕಡ್ಡಿ ಚುಚ್ಚುವುದು, ಅವಳು ಕಡ್ಡಿಗೆ ಬರುವುದು. ಸರಿಯಾದ ಅಳತೆ ಏಳು ಟೇಪು, ಮೇಲೆ ಒಂದಡಿ ಬರಬೇಕು. ಆರು ಟೇಪು ಮುಗಿದು ಮೂವತ್ತೊಂಬತ್ತು ಇಂಚಿಗೇ ಚುಕ್ಕೆ ಬಂತು. ಎರಡು ಅಡಿಯ ಮೇಲೆ ಒಂದು ಗೇಣು ಕಮ್ಮಿ. ಆ ಕಡೆಯ ಗೋಲಿಗೂ ಹೋಗಿ ಅಳೆದರು. ಅಲ್ಲೂ ಅಷ್ಟೇ. ತಪ್ಪಿನಲ್ಲೂ ಕೈ ಕಾಲು ಕ್ರಮ ಬಿಟ್ಟಿರಲಿಲ್ಲ.

ಹೆಂಡತಿ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು. ಅವನು ಎಲ್ಲ ಹೇಳಿದ. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಎರಡು ವರ್ಷದಿಂದ ನಿಮ್ಮ ಪ್ಯಾಂಟಿನ ಎಡಗಾಲು ಒಳಗೆ ಮಡಚಿ ಹೊಲೀತಾ ಇದ್ದೀನಿ" ಅಂದಳು. "ಮೊದಲು ಅರ್ಧ ಇಂಚು. ಈಗ ಒಂದೂವರೆ. ಮಂಡಿ ಬಗ್ಗಿ ಬಗ್ಗಿ ಕಾಲು ಚಿಕ್ಕದಾಗಿದೆ. ಬಟ್ಟೆ ನೆಲಕ್ಕೆ ಎಳೆದಾಡ್ತಿತ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕಾಲು ಉದ್ದ ಆಗ್ತಿತ್ತಾ?"

ಅವಳು ಟೇಪು ಸುತ್ತಿ ಕೊರಳಿಗೆ ಹಾಕಿಕೊಂಡಳು. ಅಜ್ಜನಿಗೆ ಕೋಪ ಮಾಡಿಕೊಳ್ಳಲೂ ಶಕ್ತಿ ಸಾಲಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದವರನ್ನು ಬೈಯುವ ಬಾಯಿ ತನ್ನದಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಎದ್ದು ಬರುವಾಗ ಅವಳೇ ಅವನ ಕೈ ಹಿಡಿದು ಎಬ್ಬಿಸಿದಳು, ಆ ಹುಡುಗಿಗೆ ಹೇಳಿಬಿಡಿ ಎಂದಷ್ಟೇ ಹೇಳಿದಳು.

ಸೋಮವಾರ ಮೊದಲು ಮೇಡಂ ಹತ್ತಿರ ಹೋದ. ಅವಳ ಕೋಣೆ ಎಂದರೆ ಮೆಟ್ಟಿಲ ಕೆಳಗಿನ ಗೂಡು. ಗಾಳಿ ಹೋದ ಚೆಂಡುಗಳು, ನೋವಿನ ಎಣ್ಣೆಯ ವಾಸನೆ, ಒಂದು ಕಾಲು ಮುರಿದ ಬೆಂಚು. ಅವಳು ಬ್ಯಾಂಡೇಜು ಬಟ್ಟೆ ಸುತ್ತುತ್ತ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಸುತ್ತುವುದು ನಿಂತಿತು.

"ಎಲ್ಲರ ಎದುರಿಗೆ ಎದೆ ಇಲ್ಲ ಅಂದ್ಬಿಟ್ಟೆ ಅಜ್ಜ, ಅವಳಿಗೆ" ಅಂದಳು.

ಲೀಗಿನವರಿಗೆ ಪತ್ರ ಬರೆಯೋಣ, ತಪ್ಪು ನನ್ನದೇ ಎಂದು ನಾನು ಸಹಿ ಹಾಕುತ್ತೇನೆ ಎಂದು ಅಜ್ಜ ಹೇಳಿ ನೋಡಿದ. ಬರೆದರೆ ಇಲ್ಲಿ ಆಡಿದ ಆಟಗಳೆಲ್ಲ ರದ್ದಾಗುತ್ತವೆ, ಎದುರಿನವರೂ ಅದೇ ಚುಕ್ಕೆಯಿಂದ ಒದ್ದಿದ್ದಾರೆ, ಅದನ್ನು ಇಲ್ಲಿಗೆ ಬಿಡಿ ಎಂದಳು ಅವಳು. ಸರಿಯೋ ತಪ್ಪೋ, ಇಬ್ಬರೂ ಅದರ ಮೇಲೆ ಹೆಚ್ಚು ಮಾತಾಡಲಿಲ್ಲ. ಹುಡುಗಿಯನ್ನು ಮತ್ತೆ ತಂಡಕ್ಕೆ ತೆಗೆದುಕೊಳ್ಳುವುದು ತನ್ನ ಜವಾಬ್ದಾರಿ ಎಂದಳು. ಯಾಕೆ ಎಂದು ಅವಳಿಗೆ ಹೇಳುವುದು ಅಜ್ಜನ ಜವಾಬ್ದಾರಿ.

ಕತ್ತೆಕಾಲು ಮೈದಾನದ ಹಿಂದಿನ ನಲ್ಲಿಯಲ್ಲಿ ಬೂಟು ತೊಳೆಯುತ್ತಿದ್ದಳು. ಆಡಬೇಡ ಎಂದ ಮೇಲೆ ತೊಳೆದಿಡುತ್ತಿದ್ದಳೋ ಏನೋ. ಅಜ್ಜ ನಿಂತೇ ಹೇಳಿದ. ಹೆಜ್ಜೆಯ ವಿಷಯ, ಟೇಪಿನ ವಿಷಯ, ಎರಡಡಿ ಒಂದು ಗೇಣಿನ ವಿಷಯ. ಅವಳು ಬೂಟಿನ ಒಳಗೆ ಕೈ ಹಾಕಿಕೊಂಡೇ ಕೇಳಿದಳು.

"ಹಾಗಾದ್ರೆ ನಂದು ತಪ್ಪಿರ್ಲಿಲ್ಲ."

"ಇರ್ಲಿಲ್ಲ ಮಗಳೇ."

ಅವಳು ಬೂಟಿನಿಂದ ಕೈ ತೆಗೆದಳು. ಮುಖ ಸಡಿಲವಾದ ಹಾಗೆ ಕಂಡಿತು. ಆಮೇಲೆ ಕೇಳಿದಳು:

"ನಿನಗೆ ಯಾವಾಗ ಗೊತ್ತಾಯ್ತು ಅಜ್ಜ?"

ನಿನ್ನೆ ಎಂದಿದ್ದರೆ ಪೂರ್ತಿ ಸುಳ್ಳಾಗುತ್ತಿರಲಿಲ್ಲ. ಅಳೆದದ್ದು ನಿನ್ನೆಯೇ. ಹುಡುಗಿ ಆಯಿತು ಬಿಡು ಎನ್ನುತ್ತಿದ್ದಳು, ಅವನು ಹೋಗಿ ಡಬ್ಬಕ್ಕೆ ಸುಣ್ಣ ತುಂಬಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಶನಿವಾರ. ಆಟ ಶುರುವಾಗೋ ಮುಂಚೆ."

ಅವಳು ನಲ್ಲಿ ನಿಲ್ಲಿಸಿದಳು.

"ನಾನು ಒದೆಯೋಕೆ ನಿಂತಾಗ ನೀನು ಅಲ್ಲೇ ಇದ್ದೆ. ಬಾಟಲು ಹಿಡ್ಕೊಂಡು."

"ಇದ್ದೆ."

"ನನ್ನನ್ನೇ ನೋಡ್ತಿದ್ದೆ. ಏನೋ ಹೇಳ್ತಾನೆ ಅಂದ್ಕೊಂಡೆ ನಾನು."

ಅವಳು ಒದ್ದೆ ಬೂಟುಗಳನ್ನು ಎರಡೂ ಕೈಗೆ ನೇತುಹಾಕಿಕೊಂಡು ಬರಿಗಾಲಿನಲ್ಲಿ ಹೊರಟು ಹೋದಳು. ನೆಲದಲ್ಲಿ ಅವಳ ಹೆಜ್ಜೆಗುರುತು ಒದ್ದೆಯಾಗಿ ಉಳಿದಿತ್ತು. ಉದ್ದುದ್ದ ಹೆಜ್ಜೆಗಳು.

ಕೊನೆಯ ಆಟಕ್ಕೆ ಐದು ದಿನ. ಗೆದ್ದರೆ ಉಳಿವು, ಇಲ್ಲದಿದ್ದರೆ ಇಲ್ಲ. ಮೇಡಂ ಎಲ್ಲಿಂದಲೋ ಉಕ್ಕಿನ ಟೇಪು ತಂದಳು. ಅಜ್ಜ ಹಳೆಯ ಚುಕ್ಕೆಗಳನ್ನು ಕೆರೆದು, ಮಣ್ಣು ತುಂಬಿ, ಹೊಸದನ್ನು ಹಾಕಿದ. ಈ ಸಲ ನಡೆಯಲಿಲ್ಲ. ಕತ್ತೆಕಾಲು ದಿನಾ ಹೊಸ ಚುಕ್ಕೆಯಿಂದ ಒದ್ದಳು. ಮೊದಲ ದಿನ ಮೂವತ್ತರಲ್ಲಿ ಹತ್ತೊಂಬತ್ತು ಮೇಲೆ ಹಾರಿದವು. ಕೊನೆಯ ದಿನ ನಾಲ್ಕು. ಅಜ್ಜ ಚೆಂಡು ಹೆಕ್ಕಿ ಹೆಕ್ಕಿ ಅವಳತ್ತ ಉರುಳಿಸಿದ. ಅವಳು ತೆಗೆದುಕೊಂಡಳು, ಮಾತಾಡಲಿಲ್ಲ.

ಆಟದ ದಿನ ಪ್ರಿನ್ಸಿಪಾಲರೂ ಬಂದು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡರು. ಗೆಲ್ಲಲಿ ಎಂದು ಬಂದರೋ ಸೋಲಲಿ ಎಂದು ಬಂದರೋ ಅವರ ಮುಖದಿಂದ ಹೇಳುವುದು ಕಷ್ಟ. ಮೊದಲರ್ಧದಲ್ಲೇ ನಮ್ಮ ಹಿಂದಿನ ಸಾಲಿನವರು ಬಾಗಿಲು ತೆರೆದರು, ಎದುರಿನವರು ಒಂದು ಗೋಲು ಹಾಕಿ ಹೋದರು. ಆಮೇಲೆ ತಳ್ಳಾಟ. ಎರಡನೆಯ ಅರ್ಧದ ನಡುವೆ ಎದುರು ತಂಡದವಳು ಚೌಕದೊಳಗೆ ನಮ್ಮ ಹುಡುಗಿಯ ಜೆರ್ಸಿ ಹಿಡಿದು ಎಳೆದಳು. ಸೀಟಿ. ಪೆನಾಲ್ಟಿ.

ಕತ್ತೆಕಾಲು ಚೆಂಡು ಎತ್ತಿಕೊಂಡಳು. ಚುಕ್ಕೆಗೆ ಹೋಗಲಿಲ್ಲ. ನೇರ ಗೋಲುಗೆರೆಗೆ ಹೋಗಿ, ಗೋಲ್‌ಕೀಪರಿನ ಪಕ್ಕದಲ್ಲೇ ಹಿಮ್ಮಡಿ ಇಟ್ಟು, ಚೆಂಡು ಕಂಕುಳಲ್ಲಿ ಹಿಡಿದು ನಡೆಯತೊಡಗಿದಳು. ಒಂದು, ಎರಡು, ಮೂರು. ರೆಫ್ರಿ ಸೀಟಿ ಊದಿದ, ಅವಳು ನಿಲ್ಲಲಿಲ್ಲ. ಎದುರು ತಂಡದವರು ಇದೇನು ತಮಾಷೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮೈದಾನದ ಅಂಚಿನಲ್ಲಿ ಡಬ್ಬ ಹಿಡಿದು ನಿಂತಿದ್ದ ಅಜ್ಜ ತಾನೂ ಒಳಗೇ ಎಣಿಸುತ್ತಿದ್ದ. ಅವಳ ಹನ್ನೆರಡನೆಯ ಹೆಜ್ಜೆ ಚುಕ್ಕೆಯ ನಟ್ಟನಡುವೆ ಬಿತ್ತು. ಸರಿ ಇದೆ ಎಂದು ರೆಫ್ರಿಗೆ ತಲೆಯಾಡಿಸಿದಳು. ಅಜ್ಜನ ಕಡೆ ನೋಡಲಿಲ್ಲ. ಅವನ ಕಿವಿ ಮಾತ್ರ ಬಿಸಿಯಾದವು, ಇಷ್ಟು ಜನರ ನಡುವೆ ತನ್ನನ್ನೇ ಅಳೆದ ಹಾಗೆ.

ಚೆಂಡು ನೆಲ ಸವರಿಕೊಂಡು ಎಡಮೂಲೆಗೆ ಹೋಯಿತು. ಗೋಲು. ಒಂದಕ್ಕೊಂದು.

ಇನ್ನೊಂದು ಬರಲೇ ಇಲ್ಲ. ಇಪ್ಪತ್ತು ನಿಮಿಷ ಹುಡುಗಿಯರು ನಾಲಿಗೆ ಹೊರಗೆ ಹಾಕಿಕೊಂಡು ಓಡಿದರು, ಕಂಬಕ್ಕೆ ಒಂದು ಬಡಿಯಿತು, ಅಷ್ಟೇ. ಕೊನೆಯ ಸೀಟಿಗೆ ಎಲ್ಲರೂ ನಿಂತಲ್ಲೇ ಕೂತರು. ತಂಡ ಕೆಳಕ್ಕೆ ಬಿತ್ತು, ಒಂದೇ ಒಂದು ಅಂಕದಿಂದ. ಹೊರಗೆ ಹಾರಿಹೋದ ಮೂರು ಚೆಂಡುಗಳಲ್ಲಿ ಯಾವುದಾದರೂ ಒಂದು ಒಳಗೆ ಹೋಗಿದ್ದರೆ ಸಾಕಿತ್ತು. ಆ ಲೆಕ್ಕ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದು, ಚೆನ್ನಾಗಿ ಆಡಿದರು ಎಂದು ಮೇಡಂಗೆ ಹೇಳಿ ಹೊರಟರು. ಅಜ್ಜ ಮೂಲೆಯ ನಾಲ್ಕು ಬಾವುಟ ಕಿತ್ತುಕೊಂಡು ಬಂದ.

ಹದಿನೈದು ದಿನಕ್ಕೆ ಆರ್ಡರು ಬಂತು. ಗೇಟು. ಕಬ್ಬಿಣದ ಕುರ್ಚಿ, ಒಳಗೆ ಬರುವ ಮಕ್ಕಳ ಕೊರಳಿನ ಗುರುತಿನ ಕಾರ್ಡು ನೋಡುವುದು, ಕಾರು ಬಂದರೆ ಎದ್ದು ಬಾಗಿಲು ತೆಗೆಯುವುದು. ಒಂದು ಕಾಲದಲ್ಲಿ ನಲವತ್ತೊಂದು ದಿನ ಇದರ ಹೊರಗೆ ಕೂತವನಿಗೆ ಈಗ ಒಳಗೆ ಕೂರುವ ಭಾಗ್ಯ. ಸುದ್ದಿ ತಿಳಿದು ಹಳೆಯ ಮುಖಂಡ ಬಂದ. ಅವನಿಗೂ ಮುಪ್ಪು, ಆದರೂ ಸಂಘದ ಶಾಲು ಬಿಟ್ಟಿರಲಿಲ್ಲ. ನಾಳೆಯಿಂದಲೇ ಧರಣಿ ಕೂರೋಣ ಎಂದ. ಲಾಠಿ ಏಟು ತಿಂದ ಮಂಡಿಯವನನ್ನು ದಿನವಿಡೀ ಏಳು ಕೂರು ಮಾಡಿಸುತ್ತಾರಾ, ಇದನ್ನೇ ಪತ್ರಿಕೆಗೆ ಕೊಡುತ್ತೇನೆ ಎಂದ.

"ಲಾಠಿ ಅಲ್ಲ ಕಣಪ್ಪ" ಅಂದ ಅಜ್ಜ. "ಚರಂಡಿ. ಓಡೋವಾಗ ಬಿದ್ದೆ."

ಮುಖಂಡ ನಕ್ಕ, ತಮಾಷೆ ಎಂದುಕೊಂಡ. ಅಜ್ಜ ನಗಲಿಲ್ಲ. ಆಮೇಲೆ ಮುಖಂಡನ ಮುಖ ನಿಧಾನವಾಗಿ ಇಳಿಯಿತು. ಆ ಮಂಡಿಯ ಮೇಲೆ ಅವನು ಎಷ್ಟು ಭಾಷಣ ಕಟ್ಟಿದ್ದನೋ. ಇಪ್ಪತ್ತೆರಡು ವರ್ಷ ಆದ ಮೇಲೆ ಇದನ್ನು ಯಾಕಯ್ಯಾ ಹೇಳಿದೆ, ಸುಮ್ಮನಿದ್ದರೆ ಯಾರಿಗೇನು ನಷ್ಟವಾಗುತ್ತಿತ್ತು ಎಂದ. ಅಜ್ಜ ಚಹಾ ತರಿಸಿ ಕೊಟ್ಟ. ಮುಖಂಡ ಅರ್ಧ ಕುಡಿದು ಎದ್ದು ಹೋದ. ಧರಣಿ ನಡೆಯಲಿಲ್ಲ.

ಕತ್ತೆಕಾಲು ದಿನಾ ಅದೇ ಗೇಟಿನಿಂದ ಬರುತ್ತಿದ್ದಳು. ಕಾರ್ಡು ಎತ್ತಿ ತೋರಿಸುವುದು, ಹೋಗುವುದು. ಅಜ್ಜನೂ ಅವಳ ಮುಖ ನೋಡದೆ ಕಾರ್ಡನ್ನೇ ನೋಡುತ್ತಿದ್ದ. ಹೀಗೆ ಒಂದು ತಿಂಗಳು. ಮೈದಾನದ ಒಂದು ಪಕ್ಕ ಕಬ್ಬಿಣದ ಸರಳು, ಜಲ್ಲಿ ಬಂದು ಬಿದ್ದವು. ಒಂದು ಗೋಲುಕಂಬ ಕಿತ್ತರು. ಇನ್ನೊಂದರ ಸುತ್ತ ಹುಲ್ಲು ಮೊಣಕಾಲಿಗೆ ಬೆಳೆಯಿತು.

ಒಂದು ಸಂಜೆ ನಾಲ್ಕರ ಹೊತ್ತಿಗೆ ಅವಳು ಕಾರ್ಡು ತೋರಿಸಲಿಲ್ಲ. ಕುರ್ಚಿಯ ಎದುರು ಬಂದು ನಿಂತಳು. ಕೈಯಲ್ಲಿ ಮೇಡಂನ ಉಕ್ಕಿನ ಟೇಪು, ಬಗಲಲ್ಲಿ ಚೆಂಡು, ಕುಡುಗೋಲು ಬೇರೆ. ಬೇರೆ ಕಾಲೇಜಿನವರು ಆಯ್ಕೆಗೆ ಕರೆದಿದ್ದಾರಂತೆ, ಮುಂದಿನ ವಾರ. ಉಳಿದ ಗೋಲಿನ ಮುಂದೆ ಹುಲ್ಲು ಕೊಯ್ದಾಗಿದೆ, ಚುಕ್ಕೆ ಇಲ್ಲ.

"ನೀನು ನಡೆಯೋದು ಬೇಡ" ಅಂದಳು. "ಆ ತುದಿ ಹಿಡ್ಕೊಂಡು ಕೂತ್ರೆ ಸಾಕು."

ಅಜ್ಜ ಎದ್ದ. ಮಂಡಿ ಎಂದಿನಂತೆ ಲಟಕ್ಕೆಂದಿತು. ಜಲ್ಲಿಯ ರಾಶಿ ಸುತ್ತಿ ಇಬ್ಬರೂ ಮೈದಾನಕ್ಕೆ ಹೋದರು, ಅವಳು ಮುಂದೆ, ಅವನು ಹಿಂದೆ. ಗೋಲುಗೆರೆ ಅಳಿಸಿ ಹೋಗಿತ್ತು. ಎರಡು ಕಂಬಗಳ ಬುಡ ನೋಡಿ ಅಂದಾಜು ಮಾಡಿ, ನೆಲಕ್ಕೆ ಕೂತು, ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಅವಳು ಟೇಪು ಬಿಚ್ಚುತ್ತ ಹಿಂದೆ ಹಿಂದೆ ನಡೆದಳು. ಟೇಪು ಬಿಗಿಯಾಯಿತು.

"ಅಲ್ಲಾಡಬೇಡ" ಅಂದಳು ಆ ತುದಿಯಿಂದ.

ಗೇಟಿನ ಹತ್ತಿರ ಪ್ರಿನ್ಸಿಪಾಲರ ಕಾರು ಹಾರ್ನ್ ಹೊಡೆಯಿತು. ಒಂದು ಸಲ, ಮತ್ತೊಂದು ಸಲ, ಆಮೇಲೆ ಬಿಡದೆ. ಅಜ್ಜ ತಿರುಗಿ ನೋಡಲಿಲ್ಲ. ಹೆಬ್ಬೆರಳು ಒತ್ತಿದಲ್ಲೇ ಇತ್ತು.